ವಿಷ ಕಂಡ ಊರಿನಲ್ಲೂ ಕಳೆನಾಶಕ ಯಾಕೆ?

ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಹೊಡೆತ ತಿಂದ ಕೇರಳದ ಕಾಸರಗೋಡಿನಲ್ಲಿ ಇವತ್ತಿಗೂ ಕೃಷಿಕರು ಕಳೆನಾಶಕ ಹೊಡೆಯುವುದು ಯಾಕೆ ಅಂತ ಕೇಳಿದ್ದೀರಿ. ಅವರನ್ನು ಸಹಜ ಕೃಷಿಗೆ ತರಲು ನಿಮ್ಮಂಥವರು ಏನು ಮಾಡಬಹುದು ಅಂತಲೂ ಕೇಳಿದ್ದೀರಿ. ಬೆಂಗಳೂರಿನಲ್ಲಿ ಕೂತು ಇಷ್ಟು ಕಾಳಜಿಯಿಂದ ಕೇಳಿದ್ದು ಸಂತೋಷವಾಯಿತು. ನಾನು ಅದೇ ಜಿಲ್ಲೆಯ ಪೆರ್ಲದ ಕಡೆಯವನು, ಅಡಿಕೆ ತೋಟವೇ ಜೀವನ. ನನಗೆ ಕಂಡಷ್ಟು ಹೇಳುತ್ತೇನೆ.

ನಮ್ಮದು ಗುಡ್ಡೆಯ ಊರು. ಗುಡ್ಡೆಯ ತಲೆಯಲ್ಲಿ ಸರಕಾರಿ ಗೇರು ತೋಪು, ಕೆಳಗೆ ನಮ್ಮ ಮನೆ, ತೋಟ, ಕುಡಿಯುವ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗ. 1970ರ ದಶಕದ ಕೊನೆಯಿಂದ 2000ದವರೆಗೆ ಆ ಗೇರಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆ, ಬೆಳ್ಳೂರು, ಕುಂಬ್ಡಾಜೆ ಕಡೆ ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದ್ದನ್ನು ನೀವು ಓದಿಯೇ ಇರುತ್ತೀರಿ. ದೇಶದಲ್ಲಿ ಅದಕ್ಕೆ ತಡೆ ಬಿದ್ದದ್ದು 2011ರಲ್ಲಿ. ಮರುವರ್ಷ ಕೇರಳ ಸರಕಾರ ಕಾಸರಗೋಡನ್ನು ಸಾವಯವ ಜಿಲ್ಲೆ ಅಂತ ಘೋಷಿಸಿತು.

ಆದರೆ ಒಂದು ವಿಷಯ ಹೊರಗಿನವರಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ಆ ವಿಷ ನಾವು ಹೊಡೆದದ್ದಲ್ಲ, ಮೇಲಿಂದ ಬಿದ್ದದ್ದು. ಕಳೆನಾಶಕ ಹಾಗಲ್ಲ. ಹುಲ್ಲು ಹೆರೆಯುವವರು ಸಿಗದಾಗ ನಾವೇ ಅಂಗಡಿಯಿಂದ ತರುವುದು. ಹಾಗಾಗಿ ತುಂಬ ಜನರ ಮನಸ್ಸಿನಲ್ಲಿ ಇವೆರಡೂ ಬೇರೆ ಬೇರೆ. ಎಂಡೋಸಲ್ಫಾನಿನ ಫೋಟೋ ತೋರಿಸಿ ಹೆದರಿಸಿದರೆ ಕೃಷಿಕ ಕಣ್ಣೀರು ಹಾಕಬಹುದು, ಕ್ಯಾನು ಮಾತ್ರ ಶೆಡ್ಡಿನಲ್ಲೇ ಇರುತ್ತದೆ.

ಕೆಲವು ವರ್ಷದ ಹಿಂದೆ ಇಲ್ಲೊಂದು ತರಬೇತಿ ಆಯಿತು. ಭಾಷಣ, ಪರದೆಯ ಮೇಲಿನ ಚಿತ್ರ, ಕೈಗೆ ಕೊಟ್ಟ ಹಾಳೆ ಎಲ್ಲ ಮಲಯಾಳದಲ್ಲಿ. ಮಲಯಾಳ ನಮಗೆ ಬರುವುದಿಲ್ಲ ಅಂತಲ್ಲ, ಪೇಟೆಯಲ್ಲಿ, ಆಸ್ಪತ್ರೆಯಲ್ಲಿ ಮಾತಾಡುತ್ತೇವೆ. ಆದರೆ ತೋಟದ ಮಾತು ನಮಗೆ ತುಳುವಿನಲ್ಲಿ, ಹವ್ಯಕದಲ್ಲಿ, ಕನ್ನಡದಲ್ಲಿ ಇರುವುದು. ಮಲ್ಚಿಂಗ್ ಮಲ್ಚಿಂಗ್ ಅಂತ ಹತ್ತು ಸಲ ಕೇಳಿದ ಮೇಲೆ ಹಿಂದಿನ ಬೆಂಚಿನಲ್ಲಿದ್ದ ಒಬ್ಬರು ಅಜ್ಜಿ ಎದ್ದು ನಿಂತು ಕೇಳಿದರು: "ಬುಡಕ್ಕೆ ಸೊಪ್ಪು ಹಾಕುವುದಾ? ಅದು ನಾವು ಮೊದಲೇ ಮಾಡ್ತಾ ಇದ್ದದ್ದು ಅಲ್ವಾ? ಈಗ ಸೊಪ್ಪು ಹೊರಲಿಕ್ಕೆ ಜನ ಎಲ್ಲಿ?"

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಅಜ್ಜಿಯ ಮಾತಿನಲ್ಲೇ ಇದೆ. ಲೆಕ್ಕ ನೋಡಿ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿ ಸೊಪ್ಪು, 12 ಕಿಲೋ ಗೊಬ್ಬರ ಬೇಕು ಅಂತ ವಿಜ್ಞಾನಿಗಳೇ ಹೇಳುತ್ತಾರೆ. ಎಕರೆಗೆ ಸುಮಾರು 550 ಮರ. ಸೊಪ್ಪೇ ಆರೂವರೆ ಟನ್ ಆಯಿತು! ಹಿಂದೆ ಸೊಪ್ಪಿನ ಗುಡ್ಡೆ ಇತ್ತು, ಹಟ್ಟಿ ತುಂಬ ದನ ಇತ್ತು, ಮನೆ ತುಂಬ ಜನ ಇದ್ದರು. ಈಗ ಗುಡ್ಡೆಗೆ ರಬ್ಬರ್ ಬಂತು. ಮಕ್ಕಳು ನಿಮ್ಮ ಬೆಂಗಳೂರಿನಲ್ಲಿದ್ದಾರೆ. ತೋಟದಲ್ಲಿ ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ.

ಅಂಥವರಿಗೆ "ವಿಷ ಬಿಡಿ" ಅಂತ ಹೇಳಿದರೆ ಏನು ಉಪಯೋಗ? ಬಿಡಲಿಕ್ಕೆ ಒಂದು ದಾರಿ ಬೇಕು. ನನ್ನ ಅನುಭವದಲ್ಲಿ ಮೊದಲ ದಾರಿ ಹುಲ್ಲು ಕತ್ತರಿಸುವ ಯಂತ್ರ. ನಾಲ್ಕು ಮನೆಯವರು ಸೇರಿ ಒಂದು ಯಂತ್ರ ತಗೊಳ್ಳಲಿ, ಓಡಿಸಲು ಊರಿನ ಒಬ್ಬ ಹುಡುಗನಿಗೆ ಕಲಿಸಲಿ. ವರ್ಷಕ್ಕೆ ಮೂರು ಸಲ ಕತ್ತರಿಸಿ ಹುಲ್ಲನ್ನು ಅಲ್ಲೇ ಬಿಟ್ಟರೆ ಸಾಕು. ಉದುರಿದ ಅಡಿಕೆ ಗರಿಯನ್ನೂ, ಅಂದರೆ ಸೋಗೆಯನ್ನೂ, ಹೊರಗೆ ಎಸೆಯದೆ, ಸುಡದೆ ಮರಗಳ ನಡುವೆ ಹಾಸಬೇಕು. ಎರಡನೇ ಮಳೆಗಾಲ ಕಳೆದ ಮೇಲೆ ನಾನೊಂದು ಕೊಳೆತ ಸೋಗೆ ಎತ್ತಿ ನೋಡಿದೆ. ಅಡಿಯಲ್ಲಿ ಬಿಳಿ ನೂಲಿನ ಹಾಗೆ ಬೂಸು, ಅದರೊಳಗೆ ನುಸುಳಿದ ಅಡಿಕೆಯ ಎಳೆ ಬೇರು, ಕೈಗೆ ಅಂಟುವ ಕಪ್ಪು ಮಣ್ಣು. ಎರೆಹುಳ ಬೆಳಕಿಗೆ ಮೈ ಎಳೆದುಕೊಂಡು ಒಳಗೆ ಹೋಯಿತು. ಪಕ್ಕದ ತೋಟದವರನ್ನು ಕರೆದು ಅದನ್ನೇ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಮುಂದಿನ ವರ್ಷ ಅವರೂ ಸೋಗೆ ಸುಡಲಿಲ್ಲ.

ಇನ್ನೊಂದು ಮಾತು, ನಾನೇ ಪೆಟ್ಟು ತಿಂದು ಕಲಿತದ್ದು. ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಒಂದೇ ವರ್ಷ ನಿಲ್ಲಿಸಿದೆ, ಬೋರ್ಡೋ ದ್ರಾವಣವನ್ನೂ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕೊಳೆರೋಗ ಬಂದು ಹಸಿ ಅಡಿಕೆ ರಾಶಿ ರಾಶಿ ಉದುರಿತು. ಮನೆಯವರ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ: ನಮ್ಮ ಮಳೆಗೆ ಇದು ಬೇಕೇ ಬೇಕು. ಸಾವಯವ ಕ್ರಮದಲ್ಲೂ ಮಿತಿಯಲ್ಲಿ ಇದಕ್ಕೆ ಜಾಗ ಇದೆ. ಹೊಸಬರಿಗೆ ಮೊದಲ ವರ್ಷವೇ ಅದನ್ನು ಬಿಡಿ ಅಂತ ದಯವಿಟ್ಟು ಹೇಳಬೇಡಿ. ಒಂದು ಫಸಲು ಹೋದರೆ ಆ ಮನೆಯವರು ಮತ್ತೆ ನಿಮ್ಮ ಮಾತು ಕೇಳುವುದಿಲ್ಲ.

ದನದ ವಿಷಯ. ಕಾಸರಗೋಡು ಗಿಡ್ಡ ನಮ್ಮದೇ ತಳಿ, ಎಷ್ಟು ಚಿಕ್ಕ ದನ ಅಂದರೆ ಅಜ್ಜಿಯರೂ ಹಗ್ಗ ಹಿಡಿದು ನಡೆಸಬಹುದು. ಹಾಲು ಒಂದೆರಡು ಲೀಟರ್ ಅಷ್ಟೇ. ಆದರೆ ಎಕರೆಗೆ ಬೇಕಾದ 200 ಲೀಟರ್ ಜೀವಾಮೃತಕ್ಕೆ (ಸೆಗಣಿ, ಗಂಜಲ, ಬೆಲ್ಲ ಕಲಸಿ ಹುಳಿ ಬರಿಸಿದ ದ್ರವ ಗೊಬ್ಬರ) 10 ಕಿಲೋ ಸೆಗಣಿ ಸಾಕು, ಅಷ್ಟು ಹೊಂದಿಸಲು ಎರಡು ಗಿಡ್ಡ ಇದ್ದರಾಯಿತು. ಹಾಲಿನ ಲೆಕ್ಕ ಮಾತ್ರ ಹಾಕಿ ನಾವು ಆ ದನಗಳನ್ನು ಬಿಟ್ಟೆವು ಅನ್ನುವುದು ನನಗೆ ಈಗಲೂ ಬೇಸರ.

ಯಾರನ್ನು ನೋಡಿ ಕಲಿಯುವುದು ಅಂತ ಕೇಳಿದರೆ, ಇಲ್ಲೇ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು ಇದ್ದಾರೆ. ಗದ್ದೆಯ ಸೌಕರ್ಯ ಇಲ್ಲದಿದ್ದರೂ ಗ್ರೋ ಬ್ಯಾಗಿನಲ್ಲಿ ಬೆಳೆದು 650ಕ್ಕೂ ಜಾಸ್ತಿ ಭತ್ತದ ತಳಿ ಉಳಿಸಿದವರು. 2024ರಲ್ಲಿ ಪದ್ಮಶ್ರೀ ಬಂತು. ನಮ್ಮ ಭಾಷೆ ಮಾತಾಡುವ, ನಮ್ಮ ಹಾಗೆಯೇ ಮಳೆ ನೋಡಿದ ಮನುಷ್ಯ. ಅಂಥವರ ಅಂಗಳದಲ್ಲಿ ಅರ್ಧ ದಿನ ನಿಂತರೆ ಸಿಗುವ ಧೈರ್ಯ ಸಭಾಂಗಣದಲ್ಲಿ ಸಿಗುವುದಿಲ್ಲ.

ನೀವು ಬರುವುದಾದರೆ ಡಿಸೆಂಬರಿನಲ್ಲಿ ಬನ್ನಿ. ಆಗ ನೀರು ನಿಲ್ಲಿಸಲು ತೋಡಿಗೆ ಅಡ್ಡವಾಗಿ ಮಣ್ಣಿನ ಕಟ್ಟ ಕಟ್ಟುವ ಕಾಲ, ನಾಲ್ಕಾರು ತೋಟದವರು ಒಟ್ಟಿಗೆ ಸಿಗುತ್ತಾರೆ. ವಿಟ್ಲದಿಂದ ಅಡ್ಯನಡ್ಕ ದಾಟಿದರೆ ಪೆರ್ಲ. ಭಾಷಣ ತರಬೇಡಿ. ಮಣ್ಣು ಹೊರಲು ಒಂದು ಕೈ ಕಡಿಮೆಯೇ ಇರುತ್ತದೆ, ಬುಟ್ಟಿ ಹಿಡಿಯಿರಿ. ಮಧ್ಯಾಹ್ನ ಗಂಜಿಗೆ ಕೂತಾಗ ಅವರೇ ನಿಮ್ಮನ್ನು ಕೇಳಲು ಶುರು ಮಾಡುತ್ತಾರೆ.