ಕೋವಿಯನ್ನು ಪಾರ್ಸೆಲ್ ಹಾಕಬಹುದೇ?

ಪ್ರಶ್ನೆ: ಅಡಿಕೆ ತೋಟದ ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ 12 ಬೋರಿನ ಜೋಡಿನಳಿಗೆ ಕೋವಿ ನಮ್ಮಲ್ಲಿದೆ. ಎಡ ನಳಿಗೆಯಲ್ಲಿ ಈಡು ಹಾರುತ್ತಿಲ್ಲ. ರಿಪೇರಿಯವರು ಇರುವುದು ಮೈಸೂರಿನಲ್ಲಿ. ಕೊರಿಯರ್‌ನಲ್ಲೋ ಬಸ್ ಪಾರ್ಸೆಲ್‌ನಲ್ಲೋ ಕಳಿಸಬಹುದೇ? ಬಿಚ್ಚಿ ನಳಿಗೆಯನ್ನಷ್ಟೇ ಕಳಿಸಿದರೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಕಳಿಸಬೇಡಿ. ಕೊರಿಯರ್‌ನವರ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಬಂದೂಕು, ತೋಟಾ ಇದ್ದೇ ಇರುತ್ತವೆ. ‘ಪಂಪ್‌ಸೆಟ್ ಸಾಮಾನು’ ಎಂದು ಬರೆದು ಕೊಟ್ಟರೂ ಎಕ್ಸ್‌ರೇಯಲ್ಲಿ ನಳಿಗೆ ಕಾಣುತ್ತದೆ. ಬಿಚ್ಚಿಯೂ ಪ್ರಯೋಜನವಿಲ್ಲ; 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ 2019ರ ತಿದ್ದುಪಡಿಯಿಂದೀಚೆಗೆ 2ರಿಂದ 5 ವರ್ಷ ಜೈಲು. ಏನೂ ಅರಿಯದ ಡ್ರೈವರ್‌ನನ್ನು ಅದಕ್ಕೆ ಸಿಕ್ಕಿಸುವುದು ಅನ್ಯಾಯ.

ಕಾಯ್ದೆಯ 3ನೇ ಕಲಮಿನಲ್ಲೇ ದಾರಿಯಿದೆ. ಲೈಸೆನ್ಸ್‌ದಾರರ ಲಿಖಿತ ಒಪ್ಪಿಗೆ ಇದ್ದರೆ ಬೇರೆಯವರು ರಿಪೇರಿಗೆ ಕೋವಿ ಒಯ್ಯಬಹುದು. ನೀವೇ ಹೋಗುವುದು ಉತ್ತಮ, ಆಗದಿದ್ದರೆ ಮಗನನ್ನೋ ತಮ್ಮನನ್ನೋ ಕಳಿಸಿ. ಪತ್ರದಲ್ಲಿ ಲೈಸೆನ್ಸ್ ಸಂಖ್ಯೆ, ಕೋವಿಯ ಮೇಲೆ ಕೊರೆದ ನಂಬರು, ಒಯ್ಯುವವರ ಹೆಸರು, ಎಲ್ಲಿಂದ ಎಲ್ಲಿಗೆ, ಯಾವ ದಿನ, ಏತಕ್ಕೆ ಎಂಬುದೆಲ್ಲ ಇರಲಿ. ಮೂಲ ಲೈಸೆನ್ಸ್ ಜೊತೆಗೇ ಹೋಗಲಿ.

ಜನ ಎಡವುವುದು ಲೈಸೆನ್ಸಿನ ವ್ಯಾಪ್ತಿಯಲ್ಲಿ. ನಿಮ್ಮದು ಜಿಲ್ಲೆಗಷ್ಟೇ ಸೀಮಿತವಾಗಿದ್ದರೆ ಮೈಸೂರಿರಲಿ, ಪಕ್ಕದ ಕೊಪ್ಪಕ್ಕೂ ಒಯ್ಯುವಂತಿಲ್ಲ, ಅದು ಚಿಕ್ಕಮಗಳೂರು ಜಿಲ್ಲೆ. ಮೊದಲು ಜಿಲ್ಲಾಧಿಕಾರಿ ಕಚೇರಿಯ ಅನುಮತಿ ಪಡೆಯಿರಿ. ಚುನಾವಣೆ ಘೋಷಣೆಯಾಗಿದ್ದರೆ ಮುಗಿಯುವವರೆಗೆ ತಡೆಯಿರಿ. ಆಗ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುವ ಆದೇಶ ಬರುವುದುಂಟು.

ಕಟ್ಟುವ ಮೊದಲು ಕೋವಿ ಮಡಚಿ, ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿ, ತೋಟಾ ಕೂರುವ ಜಾಗಕ್ಕೆ ಬೆರಳು ಹಾಕಿ ಖಾಲಿ ಎಂದು ಖಚಿತಪಡಿಸಿಕೊಳ್ಳಿ. ನಳಿಗೆ, ಹಿಡಿ ಬೇರೆ ಮಾಡಿ, ತೆಳುವಾಗಿ ಎಣ್ಣೆ ಸವರಿದ ಹತ್ತಿಬಟ್ಟೆಯಲ್ಲಿ ಒಂದೊಂದನ್ನೂ ಸುತ್ತಿ. ನಮ್ಮ ಮಳೆಗಾಲದಲ್ಲಿ ಕ್ಯಾನ್ವಾಸ್ ಚೀಲ ತೇವ ಹಿಡಿದಿಡುತ್ತದೆ. ಊರು ಮುಟ್ಟಿದ ಕೂಡಲೇ ಹೊರತೆಗೆಯದಿದ್ದರೆ ತುಕ್ಕು ನಳಿಗೆಯ ಒಳಗೇ ಕೂರುತ್ತದೆ. ತೋಟಾ ಜೊತೆಗೆ ಬೇಡ, ಹಾರದೆ ಉಳಿದದ್ದಂತೂ ಬೇಡವೇ ಬೇಡ. ಆದರೆ ಅದರ ಹಿಂಬದಿಯ ಕೇಪಿನ ಮೇಲೆ ಪಿನ್ ಹೊಡೆದ ಗುರುತು ಹೇಗಿದೆ ಎಂದು ರಿಪೇರಿಯವರಿಗೆ ಹೇಳಿ. ಗುರುತು ತೀರಾ ಮೇಲುಮೇಲಾಗಿದ್ದರೆ ಸ್ಪ್ರಿಂಗ್ ಸೊರಗಿರಬಹುದು, ಪಿನ್ ಸವೆದಿರಬಹುದು, ಇಲ್ಲವೇ ಒಳಗೆ ಹಳೆ ಎಣ್ಣೆ ಅಂಟಾಗಿರಬಹುದು.

ಕೋವಿ ಬಿಟ್ಟುಬರುವಾಗ ರಸೀದಿ ಕೇಳಿ ಪಡೆಯಿರಿ. ಅದರಲ್ಲಿರುವ ನಂಬರು ಲೈಸೆನ್ಸಿನಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು.