ಟೈರಾಡ್ ಎಂಡ್ ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ಅದಿರು ಹೊಡೆಯುವ ಲಾರಿ ನಮ್ಮದು. ಸ್ಟೇರಿಂಗ್‌ನಲ್ಲಿ ಪ್ಲೇ (ಸಡಿಲ) ಬಂದಿದೆ, ಟೈರಾಡ್ ಎಂಡ್ (ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಸ್ಟೇರಿಂಗ್ ರಾಡಿನ ತುದಿಯ ಜಾಯಿಂಟ್) ಸವೆದಿದೆ. ಎಷ್ಟು ಬಡಿದರೂ ಜಾಯಿಂಟ್ ಬಿಡುತ್ತಿಲ್ಲ. ಏನು ಮಾಡಲಿ?
– ಓದುಗರು, ಸಂಡೂರು (ಬಳ್ಳಾರಿ ಜಿಲ್ಲೆ)

ಉತ್ತರ: ಮನೆಯಲ್ಲೇ ಆಗುತ್ತದೆ. ಖಾಲಿ ಗಾಡಿಯ ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂದಿನ ಆಕ್ಸಲ್ಲನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಒಳಗೆ ನುಗ್ಗಬೇಡಿ.

ನೀವು ಬಹುಶಃ ಥ್ರೆಡ್ಡಿನ ತುದಿಗೆ ಬಡಿಯುತ್ತಿದ್ದೀರಿ. ಅದರಿಂದ ಥ್ರೆಡ್ ಕೆಡುತ್ತದಷ್ಟೆ. ಜಾಯಿಂಟಿನ ಬಾಲ್ ಪಿನ್ ಕೂತಿರುವುದು ಟೇಪರ್ ತೂತಿನಲ್ಲಿ, ಅಂದರೆ ಒಂದು ಕಡೆಗೆ ಕಿರಿದಾಗುತ್ತಾ ಹೋಗುವ ತೂತಿನಲ್ಲಿ. ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಸ್ಟೇರಿಂಗ್ ಆರ್ಮಿನ ಕಣ್ಣಿನ (ಆ ತೂತಿರುವ ತುದಿಯ) ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದರಿಂದ ಜೋರಾಗಿ ಹೊಡೆಯಿರಿ. ಕಣ್ಣು ಅದುರಿ ಹಿಡಿತ ಬಿಡುತ್ತದೆ. ಗ್ಯಾಸ್ ಬೆಂಕಿ ಮಾತ್ರ ಬೇಡವೇ ಬೇಡ.

ಆಮೇಲೆ ನಟ್ ಪೂರ್ತಿ ಬಿಚ್ಚಿ, ರಾಡಿನ ಕ್ಲಾಂಪ್ ಸಡಿಲಿಸಿ, ಎಷ್ಟು ಸುತ್ತು ತಿರುಗಿಸಿದಾಗ ಹಳೆಯದು ಕಳಚಿತೆಂದು ಎಣಿಸಿ. ಹೊಸದಕ್ಕೂ ಅಷ್ಟೇ ಸುತ್ತು. ಒಂದು ತುದಿಯದು ಎಡ ಥ್ರೆಡ್ (ಉಲ್ಟಾ ತಿರುಗುವಂಥದ್ದು), ಅಂಗಡಿಯಲ್ಲೇ ನೋಡಿ ತನ್ನಿ. ಟೇಪರಿಗೆ ಗ್ರೀಸ್ ಹಚ್ಚಬೇಡಿ, ಒರೆಸಿ ಒಣಗಿಸಿ. ನಟ್ ಬಿಗಿದ ಮೇಲೆ ಪಿನ್ನಿನ ತೂತು ಕೂಡದಿದ್ದರೆ ಮುಂದಕ್ಕೇ ತಿರುಗಿಸಿ, ಹಿಂದಕ್ಕೆ ಬಿಡಬೇಡಿ. ಸ್ಪ್ಲಿಟ್ ಪಿನ್ ಹೊಸದೇ ಇರಲಿ.

ಸುತ್ತು ಎಣಿಸಿದರೂ ಚಕ್ರಗಳ ಅಲೈನ್‌ಮೆಂಟ್ ತಪ್ಪದೆ ಮಾಡಿಸಿ, ಇಲ್ಲದಿದ್ದರೆ ಮುಂದಿನ ಟೈರು ಒಂದೇ ಅಂಚಿಗೆ ಸವೆಯುತ್ತದೆ. ಜಾಯಿಂಟ್ ಮೇಲಿನ ರಬ್ಬರ್ ಬೂಟ್ (ಧೂಳು ತಡೆಯುವ ಹೊದಿಕೆ) ಹರಿದರೆ ನಮ್ಮ ಕೆಂಧೂಳು ಹೊಸ ಜಾಯಿಂಟನ್ನೂ ತಿನ್ನುತ್ತದೆ.