ಪಿನ್ ಒತ್ತಿದ್ರೆ ದುಡ್ಡು ಬರಲ್ಲ, ಹೋಗುತ್ತೆ

ಈ ಸಲ ಬಂದಿರೋ ಪತ್ರಗಳಲ್ಲಿ ಸುಮಾರು ಶಾಲೆ ಮಕ್ಕಳು, ಮೊಬೈಲು, ಆನ್‌ಲೈನ್ ಮೋಸದ ಬಗ್ಗೆನೇ ಇವೆ. ನಾಲ್ಕಕ್ಕೆ ಉತ್ತರ ಬರೀತಿದೀನಿ.

ಪ್ರಶ್ನೆ: ಹಾವೇರಿ ಜಿಲ್ಲೆ ಕಡೆ ಒಂದು ಸರ್ಕಾರಿ ಹೈಸ್ಕೂಲಿನ ಸೈನ್ಸ್ ಮಾಸ್ತರ ನಾನು. ತಿಂಗಳ ಮೊದಲ ಬುಧವಾರ ಸೈಬರ್ ಸುರಕ್ಷತೆ ಕ್ಲಾಸ್ ತಗೋರಿ ಅಂತ ಹೆಡ್‌ಮಾಸ್ತರ್ ಹೇಳ್ಯಾರ. ಲ್ಯಾಬಿನಾಗ ಹತ್ತು ಕಂಪ್ಯೂಟರ್ ಅದಾವ, ಮೂರು ಆನ್ ಆಗ್ತಾವ, ನೆಟ್ ಇಲ್ಲ. ಎರಡು ಕ್ಲಾಸ್ 'ಓಟಿಪಿ ಹೇಳಬ್ಯಾಡ್ರಿ, ಲಿಂಕ್ ಒತ್ತಬ್ಯಾಡ್ರಿ' ಅಂತ ಹೇಳಿ ಮುಗಿಸೀನಿ, ಹುಡುಗ್ರು ಆಕಳಿಸ್ತಾರ. ಮುಂದ ಏನ್ ಕಲಸ್ಲಿ?

ಉತ್ತರ: ಸರ್, ನೆಟ್ ಇಲ್ಲ ಅಂತ ಕೈಚೆಲ್ಲಬೇಡಿ, ಈ ಪಾಠಕ್ಕೆ ಕರಿಹಲಗೆ ಇದ್ರೆ ಸಾಕು. ಲಿಂಕ್ ಒತ್ತಬೇಡಿ ಅಂದ್ರೆ ಮಕ್ಕಳು ಯಾಕ್ ಕೇಳ್ತಾರೆ, ಶಾಲೆ ವಾಟ್ಸಾಪ್ ಗ್ರೂಪಲ್ಲಿ ನೀವೇ ದಿನಾ ಲಿಂಕ್ ಹಾಕ್ತೀರಲ್ಲ. ಅದಕ್ಕೆ ಯಾವ ಲಿಂಕ್ ಯಾರದ್ದು ಅಂತ ಓದೋದು ಕಲಿಸಿ.

ಬೋರ್ಡ್ ಮೇಲೆ ಒಂದರ ಕೆಳಗೆ ಒಂದು ಎರಡು ಅಡ್ರೆಸ್ ಬರೀರಿ. ಮೊದಲನೇದು ನಮ್ಮ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ದು, ಎಸ್‌ಎಸ್‌ಪಿ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಎರಡನೇದೂ ಅದೇ ತರ ಶುರು ಮಾಡಿ ಕೊನೆಗೆ ಡಾಟ್ ಯಾವುದೋ ಹೆಸರು ಡಾಟ್ ಕಾಮ್ ಅಂತ ಸೇರಿಸಿ. ಯಾವುದು ಸರ್ಕಾರದ್ದು ಅಂತ ಕೇಳಿ. ನಾನು ಒಂದು ಶಾಲೇಲಿ ಕೇಳಿದಾಗ ಇಡೀ ಕ್ಲಾಸು 'ಎರಡೂ' ಅಂತು. ಆಮೇಲೆ ಒಂದು ಅಂಚೆ ಕವರ್ ತೋರಿಸಿದೆ. ಪೋಸ್ಟಲ್ಲಿ ಕಾಗದ ವಿಂಗಡಿಸೋರು ಮೊದಲು ಕೆಳಗಿನ ಸಾಲು ನೋಡ್ತಾರೆ, ಪಿನ್‌ಕೋಡು, ಜಿಲ್ಲೆ, ಆಮೇಲೆ ತಾಲೂಕು, ಕೊನೆಗೆ ಊರು, ಯಾಕಂದ್ರೆ ರಾಮಪುರ ಅನ್ನೋ ಊರು ಎಷ್ಟು ಕಡೆ ಇಲ್ಲ ಹೇಳಿ. ವೆಬ್ ಅಡ್ರೆಸ್ಸೂ ಹಂಗೇ, ಮೊದಲಿರೋ ಎಚ್‌ಟಿಟಿಪಿಎಸ್ ಮತ್ತೆ ಎರಡು ಗೀಟು ಬಿಟ್ಟು ಆಮೇಲೆ ಬರೋ ಮೊದಲ ಓರೆಗೀಟು ಹುಡುಕಿ ಅಲ್ಲಿಂದ ಹಿಂದಕ್ಕೆ ಓದ್ಬೇಕು, ಡಾಟ್ ಕಾಮ್, ಡಾಟ್ ಗವ್ ಡಾಟ್ ಇನ್ ತರದ ಬಾಲಕ್ಕೆ ಅಂಟ್ಕೊಂಡಿರೋ ಹೆಸರೇ ಯಜಮಾನ, ಅದರ ಎಡಗಡೆ ಆ ಯಜಮಾನ ಏನು ಬೇಕಾದ್ರೂ ಬರ್ಕೋಬಹುದು. ಡಾಟ್ ಗವ್ ಡಾಟ್ ಇನ್ ಅನ್ನೋದನ್ನ ಸರ್ಕಾರಿ ಸಂಸ್ಥೆಗಳಿಗೆ ಬಿಟ್ಟು ಬೇರೆಯವರಿಗೆ ಕೊಡಲ್ಲ. ಒಬ್ಬ ಹುಡುಗಿ ಎದ್ದು ನಿಂತು 'ಬೀಗದ ಚಿತ್ರ ಇದ್ರೆ ಅಸಲಿ ಅಲ್ವಾ ಮಿಸ್' ಅಂದ್ಲು. ಒಳ್ಳೇ ಪ್ರಶ್ನೆ, ತುಂಬ ಜನ ದೊಡ್ಡೋರೂ ಹಂಗೇ ಅಂದ್ಕೊಂಡಿದಾರೆ. ನಿಮ್ಮ ಫೋನಿಂದ ಆ ಸೈಟಿಗೆ ಹೋಗೋ ಮಾಹಿತಿನ ದಾರೀಲಿ ಯಾರೂ ಓದಕ್ಕಾಗಲ್ಲ ಅಂತ ಅಷ್ಟೇ ಬೀಗದ ಅರ್ಥ, ಆ ಕಡೆ ಕೂತಿರೋನು ಕಳ್ಳನಾ ಸಾಚಾನಾ ಅಂತ ಬೀಗ ಹೇಳಲ್ಲ.

ಇನ್ನೊಂದು ತಿಂಗಳು ಚೀಟಿ ಆಟ ಆಡಿಸಿ. ಹೊಸ ಫೋನ್ ಕೊಟ್ರೆ ಯಾವ ನಾಲ್ಕು ಅಂಕಿ ಪಿನ್ ಇಡ್ತೀರ ಅಂತ ಹೆಸರಿಲ್ಲದೆ ಬರೆಸಿ (ಈಗ ಮನೇಲಿರೋದನ್ನ ಬರೀಬೇಡಿ ಅಂತ ಎರಡು ಸಲ ಹೇಳಿ), ಚೀಟಿ ಬಿಚ್ಚಿ ಓದ್ತಾ ಹೋದ್ರೆ 1234, ಅಪ್ಪ ಹುಟ್ಟಿದ ವರ್ಷ, ತಾವು ಹುಟ್ಟಿದ ವರ್ಷ, ಇವೇ ಮತ್ತೆ ಮತ್ತೆ ಬರ್ತವೆ. ನಾಲ್ಕು ಅಂಕಿಗೆ ಒಟ್ಟು 10,000 ಪಿನ್ ಸಾಧ್ಯ, ಆದ್ರೆ ಹುಟ್ಟಿದ ವರ್ಷ ಅಂದ್ರೆ ಕಳ್ಳ ನೂರಕ್ಕಿಂತ ಕಮ್ಮಿ ನೋಡಿದ್ರೆ ಸಾಕು. ಆರು ಅಂಕಿ ಆದ್ರೆ 10 ಲಕ್ಷ. ಗಣಿತದ ಟೀಚರ್‌ನೂ ಕರ್ಕೊಳ್ಳಿ, ಆ ಪೀರಿಯಡ್ಡಲ್ಲಿ ಯಾರೂ ಆಕಳಿಸಲ್ಲ.

ಪ್ರಶ್ನೆ: ನಾವು ದಾವಣಗೆರೆ. ಮಗ ಏಳನೇ ಕ್ಲಾಸು. ಗೇಮಲ್ಲಿ ಫ್ರೀ ಡೈಮಂಡ್ ಕೊಡ್ತೀನಿ ಅಂತ ಯಾರೋ ಕ್ಯೂಆರ್ ಕೋಡ್ ಕಳ್ಸಿದಾರೆ, ಇವ್ನು ಅವರಪ್ಪನ ಫೋನಲ್ಲಿ ಸ್ಕ್ಯಾನ್ ಮಾಡಿ ಪಿನ್ ಹೊಡ್ದಿದಾನೆ, 4,200 ರೂಪಾಯಿ ಹೋಯ್ತು. ಮೂರು ದಿನ ಹೇಳ್ಲೇ ಇಲ್ಲ. ಗೊತ್ತಾದ್ಮೇಲೆ ಅವರಪ್ಪ ಚೆನ್ನಾಗಿ ಬಾರಿಸಿದ್ರು. ಈಗ ಮಾತೇ ಆಡ್ತಿಲ್ಲ. ದುಡ್ಡು ವಾಪಸ್ ಬರುತ್ತಾ?

ಉತ್ತರ: ದುಡ್ಡಿನ ವಿಷಯ ಮೊದಲು ಹೇಳ್ತೀನಮ್ಮ. ಇವತ್ತೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ಪೇಮೆಂಟ್ ಒತ್ತಿದ್ರೆ 12 ಅಂಕಿ ಯುಪಿಐ ರೆಫರೆನ್ಸ್ ನಂಬರ್ ಕಾಣುತ್ತೆ, ಅದನ್ನ ಬರ್ದಿಟ್ಕೊಳ್ಳಿ. ಸೈಬರ್ ಅಪರಾಧ ನೋಡ್ಕೊಳ್ಳೋ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಕಳ್ಳರು ದುಡ್ಡನ್ನ ಒಂದು ಅಕೌಂಟಿಂದ ಇನ್ನೊಂದಕ್ಕೆ ದಾಟಿಸ್ತಾ ಹೋಗ್ತಾರೆ, ಬೇಗ ಹೇಳಿದ್ರೆ ಎಲ್ಲಿದೆಯೋ ಅಲ್ಲೇ ಬ್ಯಾಂಕಿನವರು ತಡೆಹಿಡೀಬಹುದು, ಮೂರು ದಿನ ಆಗಿರೋದ್ರಿಂದ ಸಿಗುತ್ತೆ ಅಂತ ನಾನು ಭರವಸೆ ಕೊಡಲ್ಲ, ಆದ್ರೂ ಕಂಪ್ಲೇಂಟ್ ಕೊಡ್ಲೇಬೇಕು.

ಆ ಮೂರು ದಿನ ಯಾಕೆ ಹೋಯ್ತು ಹೇಳಿ? ಹೊಡೀತಾರೆ ಅನ್ನೋ ಭಯಕ್ಕೆ. ಅವನು ಹೆದರಿದ್ದೂ ನಿಜವಾಯ್ತು. ಇನ್ನೊಂದು ಸಲ ಹಿಂಗಾದ್ರೆ ಮೂರು ದಿನ ಅಲ್ಲ, ಮೂರು ತಿಂಗಳು ಬಚ್ಚಿಡ್ತಾನೆ. ದಯವಿಟ್ಟು ಅವರಪ್ಪನೇ ಹೋಗಿ ಪಕ್ಕದಲ್ಲಿ ಕೂತ್ಕೊಂಡು 'ತಪ್ಪಾಯ್ತು ಮಗ, ಕೋಪದಲ್ಲಿ ಹೊಡ್ದೆ' ಅನ್ಲಿ.

ಆಮೇಲೆ ಮೂರೂ ಜನ ಕೂತು ಒಂದು ರೂಪಾಯಿ ಆಟ ಆಡಿ. ಅಪ್ಪನ ಫೋನಿಂದ ನಿಮ್ಮ ಫೋನಿಗೆ ಒಂದು ರೂಪಾಯಿ ಕಳಿಸಿ, ಮಗ ಎರಡೂ ಸ್ಕ್ರೀನ್ ನೋಡ್ಲಿ. ಅಪ್ಪ ಪಿನ್ ಹೊಡೀಬೇಕು, ನಿಮ್ಮ ಫೋನು ಸುಮ್ನೆ ಟೇಬಲ್ ಮೇಲಿದ್ರೂ ದುಡ್ಡು ಬಂದು ಬೀಳುತ್ತೆ. ಯುಪಿಐ ಪಿನ್ನು ದುಡ್ಡು ಕೊಡೋಕೆ, ತಗೊಳೋಕೆ ಅಲ್ಲ ಅಂತ ಮಾತಲ್ಲಿ ಹೇಳಿದ್ದಕ್ಕಿಂತ ಕಣ್ಣಲ್ಲಿ ನೋಡಿದ್ದು ಉಳಿಯುತ್ತೆ. ಪಿನ್ ಮಾತ್ರ ಬದಲಾಯಿಸ್ಕೊಳ್ಳಿ.

ಪ್ರಶ್ನೆ: ಹೆಸರು, ಊರು ಹಾಕ್ಬೇಡಿ ಮೇಡಂ. ಹತ್ತನೇ ಕ್ಲಾಸು. ಇನ್‌ಸ್ಟಾದಲ್ಲಿ ಪರಿಚಯ ಆದವ್ನು ನನ್ ಫೋಟೋ ತಗೊಂಡು ಎಐಲಿ ಕೆಟ್ಟದಾಗಿ ಮಾಡಿ, ಇನ್ನೂ ಫೋಟೋ ಕಳ್ಸು ಇಲ್ಲಾಂದ್ರೆ ಎಲ್ರಿಗೂ ಹಾಕ್ತೀನಿ ಅಂತಿದಾನೆ. ಅಪ್ಪಂಗೆ ಗೊತ್ತಾದ್ರೆ ಸ್ಕೂಲ್ ಬಿಡಿಸ್ತಾರೆ. ನಿದ್ದೆ ಬರ್ತಿಲ್ಲ.

ಉತ್ತರ: ಪುಟ್ಟಾ, ನೀನು ಬರ್ದಿದ್ದು ತುಂಬ ಒಳ್ಳೇದಾಯ್ತು. ತಪ್ಪು ಅವನದ್ದು. ನಿಂದಲ್ಲ, ಒಂಚೂರೂ ನಿಂದಲ್ಲ.

ಇನ್ನೊಂದು ಫೋಟೋ ಕಳಿಸ್ಬೇಡ, ದುಡ್ಡು ಕೇಳಿದ್ರೆ ಕೊಡ್ಬೇಡ, ಒಂದು ಸಲ ಕೊಟ್ರೆ ಇನ್ನೂ ಕೇಳ್ತಾನೆ. ಸಿಟ್ಟಲ್ಲಿ ಚಾಟ್ ಡಿಲೀಟ್ ಮಾಡ್ಬೇಡ, ಅದೇ ಸಾಕ್ಷಿ. ಅವನು ಬೆದರಿಸಿರೋ ಮೆಸೇಜು, ಅವನ ಯೂಸರ್‌ನೇಮು, ದಿನಾಂಕ ಕಾಣೋ ಹಂಗೆ ಸ್ಕ್ರೀನ್‌ಶಾಟ್ ತಗೊಂಡು ಆಮೇಲೆ ಬ್ಲಾಕ್ ಮಾಡು. ನೀನು ನಂಬೋ ಒಬ್ರು ದೊಡ್ಡೋರಿಗೆ ಹೇಳು, ಅಮ್ಮ, ಅತ್ತೆ, ಕ್ಲಾಸ್ ಟೀಚರ್ ಯಾರಾದ್ರೂ ಸರಿ. ಯಾರೂ ಇಲ್ಲ ಅನ್ಸಿದ್ರೆ 1098ಕ್ಕೆ ಫೋನ್ ಮಾಡು, ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ದುಡ್ಡು ಕಟ್ ಆಗಲ್ಲ.

ಪೊಲೀಸ್ ಅಂದ್ರೆ ಭಯ ಆಗುತ್ತೆ ಗೊತ್ತು. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾಯ್ದೆ ಬಂದಿದ್ದು 2012ರಲ್ಲಿ, ಅದರ ಪ್ರಕಾರ ನಿನ್ನ ಹೇಳಿಕೆ ತಗೊಳೋಕೆ ಅವರೇ ಮನೆಗೆ ಬರ್ಬೇಕು ಅಥವಾ ನೀನು ಹೇಳಿದ ಜಾಗಕ್ಕೆ, ಆದಷ್ಟೂ ಮಹಿಳಾ ಎಸ್‌ಐ, ಯೂನಿಫಾರ್ಮ್ ಹಾಕಿರಬಾರ್ದು, ನಿನ್ನ ಹೆಸರು ಪೇಪರ್ ಟಿವೀಲಿ ಬರೋ ಹಂಗಿಲ್ಲ. 18 ವರ್ಷದೊಳಗಿನವರನ್ನ ಅಶ್ಲೀಲವಾಗಿ ತೋರಿಸೋ ಚಿತ್ರ ಮಾಡೋದು, ಹಂಚೋದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ 67ಬಿ ಸೆಕ್ಷನ್ನಲ್ಲಿ ಅಪರಾಧ, ಮೊದಲ ಸಲಕ್ಕೇ 5 ವರ್ಷದವರೆಗೂ ಜೈಲಾಗಬಹುದು. ಹೆದರ್ಬೇಕಾಗಿರೋದು ಅವನು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಮಕ್ಕಳಿಗೆ ಸಂಬಂಧಪಟ್ಟ ಇಂಥ ದೂರನ್ನ ಹೆಸರು ಹೇಳದೇನೂ ಕೊಡಬಹುದು. ಟೇಕ್ ಇಟ್ ಡೌನ್ ಅಂತ ಒಂದು ಉಚಿತ ಸೇವೆನೂ ಇದೆ, ಅದು ಫೋಟೋದಿಂದ ಒಂದು ಗುರುತಿನ ಸಂಖ್ಯೆ ಮಾಡಿ ಅದನ್ನ ಮಾತ್ರ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ತರದ ಕಂಪನಿಗಳಿಗೆ ಕೊಡುತ್ತೆ, ಅವರು ಅದೇ ಚಿತ್ರ ಸಿಕ್ರೆ ತೆಗೀತಾರೆ, ಫೋಟೋ ನಿನ್ನ ಫೋನ್ ಬಿಟ್ಟು ಆಚೆ ಹೋಗಲ್ಲ.

ಈ ಪುಟ ಓದ್ತಿರೋ ಅಪ್ಪಂದಿರಿಗೆ ಒಂದು ಮಾತು. ಮೋಸ ಮಾಡಿದವನು ಆರಾಮಾಗಿ ಓಡಾಡ್ಕೊಂಡಿರುವಾಗ ಮಗಳ ಸ್ಕೂಲ್ ಬಿಡಿಸಿದ್ರೆ ಶಿಕ್ಷೆ ಆಗಿದ್ದು ಯಾರಿಗೆ ಸ್ವಾಮಿ? ಇವತ್ತು ರಾತ್ರಿ ಊಟಕ್ಕೆ ಕೂತಾಗ 'ಏನೇ ಆದ್ರೂ ನನ್ ಹತ್ರ ಬಂದು ಹೇಳಮ್ಮ, ಬೈಯಲ್ಲ' ಅಂತ ಒಂದು ಸಲ ಬಾಯಿ ಬಿಟ್ಟು ಹೇಳಿ.

ಪ್ರಶ್ನೆ: ಎಂಟನೇ ಕ್ಲಾಸ್, ಶಿವಮೊಗ್ಗ. ಮದುವೆ ಇನ್ವಿಟೇಶನ್ ಅಂತ ವಾಟ್ಸಾಪಲ್ಲಿ ಎಪಿಕೆ ಫೈಲ್ ಬಂತು, ತಾತ ಒತ್ತಿ ಇನ್‌ಸ್ಟಾಲ್ ಮಾಡ್ಬಿಟ್ರು. ಏನ್ ಮಾಡ್ಬೇಕು?

ಉತ್ತರ: ಮರಿ, ಮದುವೆ ಕಾರ್ಡು ಫೋಟೋ ಆಗಿರುತ್ತೆ ಇಲ್ಲಾ ಪಿಡಿಎಫ್, ಎಪಿಕೆ ಅಂದ್ರೆ ಆಪ್. ಇಂಥವು ಎಸ್ಸೆಮ್ಮೆಸ್ ಓದೋ ಪರ್ಮಿಷನ್ ಕೇಳಿ ಓಟಿಪಿ ಕದೀತವೆ. ಮೊದಲು ಮೊಬೈಲ್ ಡೇಟಾ, ವೈಫೈ ಎರಡೂ ಆಫ್ ಮಾಡು. ಬೇರೆ ಫೋನಿಂದ ಬ್ಯಾಂಕಿಗೆ ಹೇಳಿ ತಾತನ ಅಕೌಂಟಿಂದ ದುಡ್ಡು ಹೋಗದ ಹಂಗೆ ತಡೆಸು, ಹೋಗಿದ್ರೆ 1930. ಆಮೇಲೆ ಸೆಟಿಂಗ್ಸಲ್ಲಿ ಆ ಆಪ್ ಹುಡುಕಿ ತೆಗಿ, ಹೋಗ್ದೇ ಇದ್ರೆ ಅಂಗಡೀಲಿ ಫೋನ್ ರೀಸೆಟ್ ಮಾಡಿಸು. ವಾಟ್ಸಾಪಲ್ಲಿ ಲಿಂಕ್ಡ್ ಡಿವೈಸಸ್ ತೆಗೆದು ಗೊತ್ತಿಲ್ಲದ ಫೋನ್, ಕಂಪ್ಯೂಟರ್ ಇದ್ರೆ ಲಾಗ್‌ಔಟ್ ಮಾಡಿ, ಆರಂಕಿ ಟೂ ಸ್ಟೆಪ್ ಪಿನ್ ಹಾಕು. ಆ ಕಾರ್ಡ್ ಕಳಿಸಿದ್ದು ನೆಂಟರೇ ಆಗಿದ್ರೆ ಅವರ ಫೋನೂ ಕಳ್ಳರ ಕೈಲಿರ್ಬಹುದು, ಮೆಸೇಜ್ ಮಾಡ್ಬೇಡ, ತಾತನ ಹತ್ರಾನೇ ಫೋನ್ ಮಾಡಿಸಿ ಹೇಳಿಸು.